ಮುಂದಿನ ಸಾಲು

ಅಂಗಳದ ರಂಗೋಲಿ ಅರ್ಧಕ್ಕೆ ಬಂದಿತ್ತು. ಮೃಣಾಲಿನಿ ಥಟ್ಟನೆ ಕೈ ನಿಲ್ಲಿಸಿದಳು. ಬಟ್ಟಲನ್ನು ಮೆಟ್ಟಿಲ ಮೇಲೆ ಬಿಟ್ಟು, ಹಿತ್ತಲ ಕಡೆಯ ಚಾಪೆಗೆ ಹೋಗಿ ಕೂತಳು. ತಿಂಗಳಿಗೊಮ್ಮೆ ಹೀಗೆಯೇ, ಮೂರು ದಿನ ಯಾರನ್ನೂ ಮುಟ್ಟುವಂತಿಲ್ಲ. ಉಳಿದ ಎಳೆಗಳನ್ನು ಮಗಳು ಸುಮೇಧಾ ಸೊಟ್ಟಸೊಟ್ಟಗೆ ಎಳೆದು ಮುಗಿಸಿದಳು.

ಗಂಡ ಸುಶೀಂದ್ರ ವಕೀಲ. ಹೆಂಗಸರ ಸಮಾನ ಹಕ್ಕಿನ ಬಗ್ಗೆ ಸರಕಾರದ ಸಮಿತಿ ಮಾಡಿದ್ದ ಶಿಫಾರಸುಗಳ ಮೇಲೆ ಅಂದು ಸಂಜೆ ಹಾನಗಲ್ಲಿನಲ್ಲಿ ಚರ್ಚೆಯಿತ್ತು. ಅವುಗಳ ಪರವಾಗಿ ಮಾತಾಡುವವನು ಅವನೇ. ಭಾಷಣವನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಲೇ ಚಹಾ ಮಾಡಿ, ಅವಳಿಗೆ ಹಿಡಿಸುವಷ್ಟು ಶುಂಠಿ ಹಾಕಿ ತಂದ. ಲೋಟವನ್ನು ಹೊಸ್ತಿಲ ಬಳಿ ಇಟ್ಟು ಹಿಂದೆ ಸರಿದ.

“ಭಾಷಣ ಭಾಳ ಉದ್ದಾತ್ರಿ, ಮಂದಿ ಮಲಗ್ತಾರ,” ಎಂದು ಮೃಣಾಲಿನಿ ನಕ್ಕಳು.

“ನೀ ಮುಂದಿನ ಸಾಲಿನ್ಯಾಗ ಕೂತು ಚಪ್ಪಾಳಿ ಹೊಡಿ, ಎಲ್ಲಾರೂ ಎಚ್ಚರಾಗ್ತಾರ,” ಎಂದ ಅವನು.

ಸುಮೇಧಾ ಹೊಸ್ತಿಲ ಬಳಿಯ ಲೋಟವನ್ನೇ ನೋಡುತ್ತಿದ್ದಳು. ಪ್ರತಿ ತಿಂಗಳೂ ಅವಳು ಏನೋ ಕೇಳಲು ಬಾಯಿ ತೆರೆದಾಗ ಮೃಣಾಲಿನಿ ಕಣ್ಣಲ್ಲೇ ತಡೆಯುತ್ತಿದ್ದಳು. ಇಂದು ತಡೆಯಲಿಲ್ಲ.

“ಅಪ್ಪಾ, ಅಲ್ಲೆ ಎಲ್ಲಾರ ಜೋಡಿ ಮುಂದಿನ ಸಾಲಿನ್ಯಾಗ ಕೂಡಬಹುದು ಅಂದ್ರ, ಅವ್ವ ಇಲ್ಲೆ ನಮ್ಮ ಬಾಜೂಕ ಯಾಕ ಕೂಡಬಾರದು?”