ಬೆಂಚಿನ ಮುಂದಿನ ಮೂಲೆ

ಹೇಳುವುದೋ ಬೇಡವೋ? ಹೇಳಿದರೆ ಯಾವ ಮಾತಿನಿಂದ ಶುರು ಮಾಡುವುದು? ‘ಕೋಚ್, ತಪ್ಪು ಹುಡುಗನದಲ್ಲ’ ಎಂದರೆ ‘ಮತ್ತೆ ಯಾರದು?’ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ತಂಡದ ಅಂಕಿಅಂಶ ನೋಡಿಕೊಳ್ಳುವ ಎಮೆಟ್‌ನ ಕಂಕುಳಲ್ಲಿದ್ದ ಲ್ಯಾಪ್‌ಟಾಪಿನಲ್ಲಿತ್ತು. ಅಲ್ಲಿಂದ ಬಾಯಿಗೆ ಮಾತ್ರ ಬರುತ್ತಿರಲಿಲ್ಲ.

“ಏನಯ್ಯಾ ಲೆಕ್ಕದ ಮೇಷ್ಟ್ರೇ, ಬಾಗಿಲು ಕಾಯೋ ಕೆಲಸ ಯಾವಾಗ ಸಿಕ್ತು? ಬಾ ಒಳಗೆ.”

ಕೋಚ್ ಹಾಸ್ಕಿನ್ಸ್ ಊಟಕ್ಕೆ ಕೂತಿದ್ದರು. ಬನ್ನಿನ ನಡುವೆ ಗರಿಗರಿಯಾಗಿ ಕರಿದ ಹಂದಿಮಾಂಸ, ಬನ್ನಿಗಿಂತ ಎರಡು ಪಟ್ಟು ಅಗಲ. ಮನ್ಸಿ ಊರಲ್ಲಿ ಮಾಂಸ ಬನ್ನಿನೊಳಗೇ ಅಡಗಿಬಿಟ್ಟರೆ ಹೋಟೆಲಿನವನಿಗೆ ಅವಮಾನ. ಮನ್ಸಿಯ ಬ್ಯಾಸ್ಕೆಟ್‌ಬಾಲ್ ತಂಡದ ಅವಮಾನ ಬೇರೆ ಥರದ್ದು. ಕ್ರಿಸ್‌ಮಸ್‌ನಿಂದ ಈಚೆಗೆ ಅದು ಒಂದು ಆಟವನ್ನೂ ಗೆದ್ದಿರಲಿಲ್ಲ. ಇವತ್ತು ಸಂಜೆಯೊಳಗೆ ಕ್ವಿನ್ಸಿ ಟ್ರೆಡ್‌ವೆಲ್‌ನನ್ನು ತಂಡದಿಂದ ಕೈಬಿಡಬೇಕೆಂದು ಕೋಚ್ ತೀರ್ಮಾನಿಸಿದ್ದರು. ಎಮೆಟ್‌ನ ಅಂಕಿಅಂಶ ತಲೆಯಾಡಿಸಿದರೆ ಮುಗಿಯಿತು. ಕ್ವಿನ್ಸಿ ಹೋದ ವಾರವಷ್ಟೇ ಹೆಂಡತಿಯನ್ನೂ ಕೂಸನ್ನೂ ಕರೆತಂದು ಊರಲ್ಲಿ ಮನೆ ಮಾಡಿದ್ದ.

“ಮೊದಲರ್ಧ ಹುಲಿ. ಎರಡನೇ ಅರ್ಧ ಬಂತು ಅಂದ್ರೆ ಇಲಿ. ಎದೆಗಾರಿಕೆ ಇಲ್ಲದೋನನ್ನ ಇಟ್ಕೊಂಡು ಏನ್ ಮಾಡ್ಲಿ? ನಿನ್ನ ಡಬ್ಬ ಏನನ್ನುತ್ತೆ?”

ಎಸೆತ ಯಾವ ಜಾಗದಿಂದ ಬಂತು, ಎದುರಾಳಿಯ ಕೈ ಎಷ್ಟು ಹತ್ತಿರವಿತ್ತು, ಒಬ್ಬ ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ್ದೆಷ್ಟು, ಕಳೆದುಕೊಂಡದ್ದೆಷ್ಟು: ಎಲ್ಲವನ್ನೂ ಎಮೆಟ್ ತೂಗಿ ನೋಡಿದ್ದ. ಕ್ವಿನ್ಸಿ ತಪ್ಪುತ್ತಿದ್ದದ್ದು ಎರಡನೇ ಅರ್ಧದಲ್ಲಿ, ನಿಜ. ಆದರೆ ಒಂದೇ ಮೂಲೆಯಿಂದ. ಮಧ್ಯಂತರದ ನಂತರ ತಂಡಗಳು ಬುಟ್ಟಿಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ. ಆಗ ನಾವು ಎಸೆಯುವ ಬುಟ್ಟಿ ನಮ್ಮ ಬೆಂಚಿನ ಕಡೆಗೇ ಬರುತ್ತದೆ. ಆ ಮೂಲೆಯಲ್ಲಿ ಚೆಂಡು ಕೈಗೆ ಬರುವ ಹೊತ್ತಿಗೆ ಕ್ವಿನ್ಸಿಯ ಬೆನ್ನ ಹಿಂದೆಯೇ ನಿಂತು ಒಬ್ಬರು ‘ಹಾಕೋ, ಹಾಕೋ’ ಎಂದು ಕಿರುಚುತ್ತಿರುತ್ತಾರೆ. ನವೆಂಬರಿನಲ್ಲೊಮ್ಮೆ ಅವರು ರೆಫರಿಗೆ ಬೈದು, ಮಧ್ಯಂತರಕ್ಕೆ ಮೊದಲೇ ಹೊರಗೆ ಹಾಕಿಸಿಕೊಂಡಿದ್ದರು. ಆ ದಿನ ಅದೇ ಮೂಲೆಯಿಂದ ಕ್ವಿನ್ಸಿಯ ಒಂದು ಎಸೆತವೂ ತಪ್ಪಿರಲಿಲ್ಲ.

“ಅರ್ಧದ ಪ್ರಶ್ನೆ ಅಲ್ಲ ಕೋಚ್. ಜಾಗದ ಪ್ರಶ್ನೆ. ನಮ್ಮ ಬೆಂಚಿನ ಮುಂದಿನ ಮೂಲೆ.”

“ಅಲ್ಲೇನಿದೆ?”

ಕೋಚ್ ಅಗಿಯುವುದನ್ನು ನಿಲ್ಲಿಸಿದರು. ಈಗ ನಿಜ ಹೇಳಿಬಿಡಬಹುದಿತ್ತು. ಹೇಳಿದರೆ ಸಂಜೆಗೆ ಕ್ವಿನ್ಸಿ, ಎಮೆಟ್ ಇಬ್ಬರೂ ಮನೆಗೆ.

“ರೆಫರಿಗಳು,” ಎಂದ. “ನೀವು ಆ ಮೂಲೇಲಿ ನಿಂತು ಕೂಗಿದ್ರೆ ಅವರಿಗೆ ಉರಿಯುತ್ತೆ. ಸೀಟಿ ಎಲ್ಲಾ ನಮ್ಮ ವಿರುದ್ಧ ಊದ್ತಾರೆ. ಬೆಂಚಿನ ದೂರದ ತುದೀಲಿ ಸುಮ್ನೆ ಕೂತ್ಕೊಂಡ್ರೆ ಆಟಕ್ಕೆ ನಾಲ್ಕು ಪಾಯಿಂಟ್ ಉಳಿಯುತ್ತೆ.”

ಎಮೆಟ್ ಕೈಯಾರೆ ಹುಟ್ಟಿಸಿದ ಮೊದಲ ಅಂಕಿ ಅದು. ಕೋಚ್‌ರ ತಟ್ಟೆಯಲ್ಲಿ ಉಪ್ಪಿನಲ್ಲಿ ನೆನೆಸಿದ ಸೌತೆಕಾಯಿಯ ಹೋಳು ನಾಲ್ಕು ಉಳಿದಿದ್ದವು.

“ಕಳ್ಳ ನನ್ಮಕ್ಕಳು,” ಎಂದರು ಕೋಚ್, ತೃಪ್ತಿಯಿಂದ. “ನಾನು ಮೊದಲಿಂದ ಹೇಳ್ತಾನೇ ಇದ್ದೆ. ಸರಿ, ಶನಿವಾರ ಕೂತ್ಕೋತೀನಿ. ಹುಡುಗನಿಗೂ ಅದೊಂದು ಆಟ ಕೊಡೋಣ. ಆಗಲೂ ಹಿಂಗೇ ಆದ್ರೆ ಭಾನುವಾರ ಬಸ್ಸು ಹತ್ತಿಸ್ತೀನಿ.”

ಶನಿವಾರ ಕೋಚ್ ಬೆಂಚಿನ ದೂರದ ತುದಿಯಲ್ಲಿ ಟವೆಲ್ ಕಚ್ಚಿಕೊಂಡು ಕೂತರು. ಎರಡನೇ ಅರ್ಧದಲ್ಲಿ ಚೆಂಡು ಮೂಲೆಗೆ ಬಂತು. ಕ್ವಿನ್ಸಿ ಒಮ್ಮೆ ಬೆಂಚಿನ ಕಡೆ ನೋಡಿದ. ಯಾರೂ ಕೂಗಲಿಲ್ಲ. ಎಸೆದ. ಬಿತ್ತು. ಮತ್ತೆ ಬಂತು, ಮತ್ತೆ ಬಿತ್ತು. ರೆಫರಿಗಳು ಎಂದಿನ ಹಾಗೆಯೇ ಊದಿದರು. ಮನ್ಸಿ ಗೆದ್ದಿತು.

“ನೋಡಿದ್ಯಾ?” ಕೋಚ್ ಎಮೆಟ್‌ನ ಬೆನ್ನಿಗೊಂದು ಬಾರಿಸಿದರು. “ಹುಡುಗ ಇರ್ತಾನೆ ಬಿಡು, ಸೀಸನ್ ಪೂರ್ತಿ ಇರ್ತಾನೆ. ಆದ್ರೆ ಆ ರೆಫರಿಗಳು ಒಂಚೂರೂ ಬದಲಾಗ್ಲಿಲ್ವಲ್ಲಯ್ಯಾ. ಬುಧವಾರ ಎದ್ದು ನಿಂತ್ಕೊಳ್ಲಾ?”

“ಒಂದೇ ಆಟದಿಂದ ಏನೂ ಗೊತ್ತಾಗಲ್ಲ ಕೋಚ್. ಸೀಸನ್ ಮುಗಿಯೋತನಕ ಕೂತು ನೋಡಿ.”

“ಟವೆಲ್ ರುಚಿ ಚೆನ್ನಾಗಿಲ್ಲ ಮಾರಾಯ,” ಎನ್ನುತ್ತಾ ಕೋಚ್ ಹೊರಗೆ ಹೋದರು.

ಎಮೆಟ್ ಬಟ್ಟೆ ಬದಲಿಸುವ ಕೋಣೆಗೆ ಹೋದಾಗ ಕ್ವಿನ್ಸಿ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಒಬ್ಬನೇ ಕೂತಿದ್ದ.

“ಗುರೂ, ಒಂದು ಮಾತು ಕೇಳ್ಲಾ? ಕೋಚ್ ಇವತ್ತು ನನ್ನ ಮೇಲೆ ಒಂದ್ಸಲನೂ ಕೂಗ್ಲಿಲ್ಲ, ಗಮನಿಸಿದ್ಯಾ?”

“ಹೌದಾ?”

“ನನ್ನ ಮೇಲಿನ ಆಸೆ ಬಿಟ್ಟಿದ್ದಾರೆ. ಅದು ಗೊತ್ತಾಗಿದ್ದೇ ತಡ, ಕೈ ಹಗುರ ಆಗೋಯ್ತು ನೋಡು. ಹೆಂಗಿದ್ರೂ ಹೋಗೋನೇ, ಇನ್ಯಾರಿಗೆ ಹೆದರ್ಲಿ ಅಂತ ಎಸೆದೆ.” ಅವನು ನಕ್ಕ. “ಮನೆಯವಳಿಗೆ ಹೇಳಿದೀನಿ, ಆ ರಟ್ಟಿನ ಪೆಟ್ಟಿಗೆ ಯಾವುದೂ ಬಿಚ್ಚಬೇಡ, ಹಂಗೇ ಇರ್ಲಿ ಅಂತ. ಮಗೂ ತೊಟ್ಟಿಲು ಕೂಡ ಅದ್ರಲ್ಲೇ ಇದೆ.”

ಎಮೆಟ್ ಅವನ ಪಕ್ಕದಲ್ಲಿ ಕೂತ. ಮೊಣಕಾಲಿನ ಐಸ್ ಕರಗಿ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ಬುಧವಾರ ಇನ್ನೊಂದು ಆಟ. ಅದೇ ಮೂಲೆ, ಅದೇ ಕೈ. ತಾನು ತಂಡದಲ್ಲೇ ಉಳಿದಿದ್ದೇನೆಂದು ಕ್ವಿನ್ಸಿಗೆ ತಿಳಿದರೆ ಆ ಕೈ ಮತ್ತೆ ಭಾರವಾಗದೆಂದು ಯಾವ ಅಂಕಿಯೂ ಹೇಳುತ್ತಿರಲಿಲ್ಲ.

ಪೆಟ್ಟಿಗೆ ಬಿಚ್ಚಬಹುದು ಎಂದು ಎಮೆಟ್ ಹೇಳಲಿಲ್ಲ.