ಸಾವಿಲ್ಲದ ವಾರ್ಡು

ತಪಾಸಣೆಗೆ ಬಂದವಳು ಹಾಸಿಗೆಯ ಪಕ್ಕ ನಿಲ್ಲುತ್ತಿದ್ದಂತೆ ಅಜ್ಜಿ ಮೂಗಿನ ಆಕ್ಸಿಜನ್ ನಳಿಕೆಯನ್ನು ಕಿತ್ತು ದಿಂಬಿನಡಿ ತುರುಕಿದಳು. ಎದ್ದು ಕೂತು, ತಲೆಗೂದಲು ನೇವರಿಸಿಕೊಂಡು, "ನಾನು ಗಟ್ಟಿಯಾಗಿದ್ದೀನಿ ತಾಯಿ," ಎಂದು ನಕ್ಕಳು. ತುಟಿ ಆಗಲೇ ನೀಲಿಗಟ್ಟುತ್ತಿತ್ತು.

ಬಂದವಳು ಆರೋಗ್ಯ ವಿಮೆ ಕಂಪನಿಯ ಅಧಿಕಾರಿ. ವಿಮೆ ಮಾಡಿಸಿದವರಿಗೆ ಆಸ್ಪತ್ರೆಗಳಲ್ಲಿ ಒಳ್ಳೆಯ ಆರೈಕೆ ಸಿಗುತ್ತಿದೆಯೇ ಎಂದು ನೋಡುವುದು ಅವಳ ಕೆಲಸ. ಸಾವು ಕಡಿಮೆಯಾದಷ್ಟೂ ಆಸ್ಪತ್ರೆಗೆ ಹೆಚ್ಚು ಅಂಕ ಎಂದು ನಿಯಮ ಮಾಡಿದವಳೂ ಅವಳೇ. ಅದಾದ ಮೇಲೆ ಈ ವಾರ್ಡಿನಲ್ಲಿ ಒಂದು ಸಾವೂ ಆಗಿರಲಿಲ್ಲ. ಬೆನ್ನು ತಟ್ಟಿ ಹೋಗೋಣವೆಂದೇ ಅವಳು ಬಂದಿದ್ದಳು.

"ಅಯ್ಯೋ, ಇದನ್ಯಾಕೆ ತೆಗೆದ್ರಿ ಅಜ್ಜಿ?" ಎಂದು ಗಾಬರಿಯಿಂದ ನಳಿಕೆಯನ್ನು ಮತ್ತೆ ಸಿಕ್ಕಿಸಲು ಹೋದಳು. ಅಜ್ಜಿ ಮುಖ ತಿರುಗಿಸಿದಳು. "ಬೇಡಮ್ಮ. ಕಾಯಿಲೆ ಜೋರಾಗಿದೆ ಅಂತ ಗೊತ್ತಾದ್ರೆ ಇಲ್ಲಿ ಇಟ್ಕೊಳ್ಳಲ್ಲ. ಪಕ್ಕದ ಹಾಸಿಗೆಯವಳಿಗೆ ಮೇಲುಸಿರು ಬಂದಿತ್ತು. ಬೆಳಿಗ್ಗೆ ವ್ಯಾನಿಗೆ ಹಾಕಿ ಮನೆಗೆ ಕಳಿಸಿಬಿಟ್ರು. ದಾರೀಲೇ ಹೋದ್ಲಂತೆ."

ಪಕ್ಕದ ಹಾಸಿಗೆಗೆ ಆಗಲೇ ಒಗೆದ ಚಾದರ ಹಾಸಿತ್ತು. ಅಧಿಕಾರಿ ಅತ್ತ ತಿರುಗಿ ನೋಡಿದಳು. ಅವಳು ಬಾಯಿ ತೆರೆಯುವಷ್ಟರಲ್ಲಿ ಹೊರಗೆ ಸ್ಟ್ರೆಚರಿನ ಚಕ್ರಗಳ ಸದ್ದಾಯಿತು. ಎದುರು ಸಾಲಿನ ಹೆಂಗಸರು ಕೆಮ್ಮನ್ನು ಅಂಗೈಯಲ್ಲಿ ಅದುಮಿಕೊಂಡು ಒಬ್ಬೊಬ್ಬರಾಗಿ ಎದ್ದು ಕೂತರು. ವಾರ್ಡಿನ ದೊಡ್ಡ ಡಾಕ್ಟರು ಒಳಗೆ ಬಂದು, ಅಜ್ಜಿಯ ತುಟಿಯನ್ನೊಮ್ಮೆ ನೋಡಿ, ಅಧಿಕಾರಿಯ ಕಿವಿಯ ಬಳಿ ಬಾಗಿ ಪಿಸುಗುಟ್ಟಿದರು: "ಯೋಚನೆ ಮಾಡ್ಬೇಡಿ ಮೇಡಂ. ನೀವು ಹೇಳಿದ ಹಾಗೇ, ಇಲ್ಲಿ ಯಾರೂ ಸಾಯಲ್ಲ."