ಹೆಚ್ಚಿನ ವ್ಯಾಳೆ

ಋತುಜಾಳ ತುಟಿಗಳು ಅಲುಗಿದವು, ಮಾತು ಬರಲಿಲ್ಲ. ವಿಶ್ರಾಮಬಾಗದ ಕಾಲೇಜಿನ ಲ್ಯಾಬಿನಲ್ಲಿ ಅವಳ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಕೊನೆಯ ಮೌಖಿಕ ಪರೀಕ್ಷೆ ನಡೆದಿತ್ತು. ರಕ್ತ ತೆಗೆಯುವ ಮುನ್ನ ರೋಗಿಗೆ ಏನು ಹೇಳುತ್ತೀ ಎಂದು, ಹೊರಗಿನಿಂದ ಬಂದಿದ್ದ ಪರೀಕ್ಷಕ ಕಾಡಪ್ಪ ಸರ್ ಕೇಳಿದ್ದರು.

"ಆಕಿಗೆ ಮಾತು ತಡೀತಾವ್ರಿ," ಎಂದರು ಪಕ್ಕದಲ್ಲಿದ್ದ ಅವಳ ಶಿಕ್ಷಕಿ ಮಂಗಲ ಮೇಡಂ. "ಅಂಥವ್ರಿಗೆ ಹೆಚ್ಚಿನ ವ್ಯಾಳೆ ಕೊಡಬೇಕಂತ ನಮ್ಮ ಕಾಲೇಜಿನ ನಿಯಮ ಐತಿ."

"ನಿಯಮ ಇಲ್ಲಿ ನಡೀತೈತ್ರಿ. ನಾಳೆ ದವಾಖಾನ್ಯಾಗ ಪೇಶಂಟ್ ಕಾಯ್ತಾನೇನು? ಬರದು ಕೊಡಲಿ ಬಿಡ್ರಿ," ಎಂದರು ಕಾಡಪ್ಪ ಸರ್.

ಋತುಜಾ ಬೇಡವೆಂದು ತಲೆಯಾಡಿಸಿದಳು. ಎರಡು ವರ್ಷ ಎಲ್ಲವನ್ನೂ ಬರೆದೇ ತೋರಿಸಿದ್ದಳು. ಇದೊಂದನ್ನು ಬಾಯಿಂದಲೇ ಹೇಳಬೇಕಿತ್ತು. ಮೇಡಂ ತಮ್ಮ ಕೈಗಡಿಯಾರ ಬಿಚ್ಚಿ ಪರ್ಸಿನೊಳಗೆ ಹಾಕಿದರು. ಸಾಲಾಗಿ ನಿಂತ ಗಾಜಿನ ನಳಿಕೆಗಳಲ್ಲಿ ಕಿಟಕಿಯ ಬಿಸಿಲು ನೀರಿನಂತೆ ತುಂಬಿಕೊಳ್ಳುತ್ತಿತ್ತು. ಋತುಜಾಳಿಗೆ ತಾನು ತನ್ನೂರು ಡಿಗ್ರಜದ ಹೊಳೆಯಲ್ಲಿ ಸೊಂಟದವರೆಗಿನ ನೀರಿನಲ್ಲಿ ನಿಂತಂತೆ, ಮಾತುಗಳು ದೂರದಿಂದ ಒಂದೊಂದೇ ತೇಲಿ ಬರುತ್ತಿರುವಂತೆ ಅನಿಸಿತು. ಅವಳು ಅವಸರ ಮಾಡಲಿಲ್ಲ. ತೀರ ಹತ್ತಿರ ಬಂದ ಮೇಲೆ ಎತ್ತಿಕೊಂಡಳು.

"ಹೆ... ಹೆದರಬ್ಯಾಡ್ರಿ ಕಾಕಾ," ಎಂದಳು. "ಸೂಜಿ ಸ್ವಲ್ಪ ಚು... ಚುಚ್ಚತೈತಿ. ನಾ ನಿಮ್ಮ ಕೈ ಹಿಡಕೊಂಡೇನಿ. ಸಾವಕಾಶ... ಉಸರು ಬಿಡ್ರಿ."

ಕಾಡಪ್ಪ ಸರ್ ಉಸಿರು ಬಿಟ್ಟರು. ತಾವು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಕೈಯನ್ನು ಅವಳ ಮುಂದೆ ಚಾಚಿರುವುದು ಅವರಿಗೆ ಗೊತ್ತಾದದ್ದೇ ಆಗ.